ಕಲಬುರಗಿ ಬಿಸಿಲಿನಲ್ಲಿ ಗಿಟಾರ್ ಮಾಡಿ ಮಾರುವುದಾದರೆ: ಗುಣಮಟ್ಟ, ಬೆಲೆ, ಸಮಯದ ಲೆಕ್ಕ

ಹೋದ ವಾರ ಯಾದಗಿರಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಬಡಗಿ ಕೆಲಸ ಬರುತ್ತದೆ, ಚರ್ಚಿನ ಹಾಡಿನ ತಂಡದಲ್ಲಿ ಗಿಟಾರ್ ನುಡಿಸುತ್ತಾನೆ. "ಅಣ್ಣಾ, ನಾನೂ ಗಿಟಾರ್ ಮಾಡಿ ಮಾರಬೇಕಂತ ಮಾಡೀನಿ. ಕ್ರಿಸ್ಮಸ್ಸಿಗೆ ಹತ್ತು ಪೀಸ್ ತಯಾರಾಗ್ತಾವೇನ್ರಿ?" ಅಂತ ಕೇಳಿದ. ಆಗಬಹುದು ಅಂದೆ. ಆದರೆ ಆ ಹತ್ತು ಗಿಟಾರ್ ಮುಂದಿನ ಮೇ ತಿಂಗಳಲ್ಲಿ ಹೇಗಿರುತ್ತವೆ ಅನ್ನುವುದು ನೀನು ಹಿಡಿಯುವ ದಾರಿಯ ಮೇಲಿದೆ ಅಂತಲೂ ಹೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಇದೇ ಯೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಹೇಳುವುದೆಲ್ಲ ಹೆಚ್ಚಾಗಿ ಅಕೌಸ್ಟಿಕ್, ಅಂದರೆ ಕರೆಂಟ್ ಇಲ್ಲದೆ ನುಡಿಯುವ ಗಿಟಾರ್ ಬಗ್ಗೆ. ನಮ್ಮ ಕಡೆ ಹುಡುಗರು ಮೊದಲು ಕೊಳ್ಳುವುದು ಅದನ್ನೇ.

ಮೂರು ದಾರಿ ಇವೆ

ಮೊದಲನೆಯದು, ತಯಾರಾದ ಗಿಟಾರನ್ನೇ ಸಗಟು ದರಕ್ಕೆ ತರಿಸಿ, ಇಲ್ಲಿ ಸೆಟಪ್ ಮಾಡಿ ಮಾರುವುದು. ಕಡಿಮೆ ಬೆಲೆಯ ದೇಸಿ ಗಿಟಾರ್‌ಗಳಿಗೆ ಕೋಲ್ಕತ್ತ ಹಳೆಯ ಊರು. ಗಿವ್ಸನ್ ಹೆಸರು ನೀವು ಕೇಳಿಯೇ ಇರುತ್ತೀರಿ. ಇಲ್ಲಿ ನಿಮ್ಮ ಕೆಲಸ ಒಂದು ಗಿಟಾರ್‌ಗೆ ಎರಡು-ಮೂರು ಗಂಟೆ. ಫ್ರೆಟ್ (ಬೆರಳಿಡುವ ಕಡೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಸಮ ಮಾಡುವುದು, ನಟ್ (ತಲೆಯ ಹತ್ತಿರ ತಂತಿ ಕೂರುವ ಸಣ್ಣ ತುಂಡು) ಗೀರು ಸರಿ ಮಾಡುವುದು, ತಂತಿ ಎತ್ತರ ಇಳಿಸುವುದು. ಹದಿನೈದು ದಿನದಲ್ಲಿ ಮಾಲು ಅಂಗಡಿಯಲ್ಲಿರುತ್ತದೆ. ಮರ ಎಂಥದು, ಒಳಗೆ ಅಂಟು ಹೇಗೆ ಹಾಕಿದ್ದಾರೆ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಎರಡನೆಯದು, ಬಿಡಿಭಾಗ ತರಿಸಿ ಜೋಡಿಸುವುದು. ನೆಕ್, ಅಂದರೆ ಗಿಟಾರ್‌ನ ಕುತ್ತಿಗೆ, ಕೆತ್ತಿ ಬಂದಿರುತ್ತದೆ. ಬದಿಯ ಹಲಗೆ ಬಾಗಿಸಿ ಬಂದಿರುತ್ತವೆ. ನೆಕ್ ಮೇಲೆ ಬೆರಳಿಡುವ ಪಟ್ಟಿಗೆ, ಅಂದರೆ ಫಿಂಗರ್‌ಬೋರ್ಡಿಗೆ, ಫ್ರೆಟ್ ಗೀರು ಬಿದ್ದಿರುತ್ತದೆ. ಅಂಟಿಸುವುದು, ಪಾಲಿಶ್, ಫ್ರೆಟ್, ಸೆಟಪ್ ನಮ್ಮದು. ಕೈ ಪಳಗಿದ ಮೇಲೆ ಒಂದಕ್ಕೆ ಹನ್ನೆರಡರಿಂದ ಹದಿನೈದು ಗಂಟೆ ಹಿಡಿಯಿರಿ.

ಮೂರನೆಯದು, ಹಲಗೆಯಿಂದ ಶುರು ಮಾಡಿ ಪೂರ್ತಿ ಕೈಯಲ್ಲಿ ಮಾಡುವುದು. ಇದರ ಸುಖವೇ ಬೇರೆ. ಆದರೆ ನನ್ನ ಮೊದಲ ಗಿಟಾರ್‌ಗೆ ನಾಲ್ಕು ತಿಂಗಳು ಹಿಡಿಯಿತು, ಅದನ್ನು ಮಾರುವ ಧೈರ್ಯ ಬರಲಿಲ್ಲ. ಅಳತೆಯಲ್ಲಿ ಒಂದು ತಪ್ಪಾದರೆ ಪೂರ್ತಿ ವಾದ್ಯ ಹೋಯಿತು. 648 ಮಿಲಿಮೀಟರ್ ತಂತಿ ಉದ್ದ ಅಂತ ಹಿಡಿದರೆ, ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ಜಾಗ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಹೋಗಿ ಹನ್ನೆರಡನೆಯದು ಸರಿಯಾಗಿ 324ಕ್ಕೆ, ಅರ್ಧಕ್ಕೆ ಬೀಳಬೇಕು. ಗೀರು ಅರ್ಧ ಮಿಲಿಮೀಟರ್ ಆಚೀಚೆ ಆದರೂ ಸ್ವರ ತಪ್ಪುತ್ತದೆ.

ಕಾಗದದ ಮೇಲೆ ಇಷ್ಟೇ ನೋಡಿದರೆ ಎರಡನೆಯ ದಾರಿ ನಡುವಿನದು, ಒಳ್ಳೆಯದು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ನಾನು ಸಮಯವನ್ನು ಬರೀ ಕೆಲಸದ ಗಂಟೆಗಳಲ್ಲಿ ಎಣಿಸಿದ್ದೆ. ಋತುವನ್ನು ಎಣಿಸಿರಲಿಲ್ಲ.

ಎಂಟು ಗಿಟಾರ್, ಐದು ವಾಪಸ್

ಮೊದಲ ಬಾರಿ ಎಂಟು ಸೆಟ್ ಬಿಡಿಭಾಗ ತರಿಸಿದೆ. ಬಂದದ್ದು ಆಗಸ್ಟ್‌ನಲ್ಲಿ. ಅಂಟಿಸಿದ್ದು ಸೆಪ್ಟೆಂಬರ್‌ನಲ್ಲಿ, ನಮ್ಮಲ್ಲಿ ಮಳೆ ಜೋರಾಗಿ ಬೀಳುವ ತಿಂಗಳಲ್ಲಿ. ನೋಡಲು ಚೆನ್ನಾಗಿದ್ದವು. ಕ್ರಿಸ್ಮಸ್‌ಗೆ ಮುಂಚೆ ಎಂಟೂ ಹೋದವು. ಬೀದರ್‌ಗೇ ನಾಲ್ಕು. ಅಲ್ಲಿ ಚರ್ಚ್‌ಗಳು ಜಾಸ್ತಿ, ಡಿಸೆಂಬರ್ ಬಂತೆಂದರೆ ಹಾಡಿನ ತಂಡಗಳಿಗೆ ಗಿಟಾರ್ ಬೇಕೇ ಬೇಕು.

ಏಪ್ರಿಲ್‌ನಲ್ಲಿ ಬೀದರ್‌ನ ಹುಡುಗನೊಬ್ಬ ಬೆಳಗಿನ ರೈಲಿಗೆ ಬಂದ. ಬಟ್ಟೆಯ ಕವರ್‌ನಿಂದ ಗಿಟಾರ್ ತೆಗೆದ. ಏನೂ ಹೇಳದೆ ನನ್ನ ಹೆಬ್ಬೆರಳು ಹಿಡಿದು ನೆಕ್‌ನ ಅಂಚಿನ ಮೇಲೆ ಮೇಲಿಂದ ಕೆಳಗೆ ಎಳೆದ. ಸಣ್ಣ ಹಲ್ಲಿನ ಗರಗಸದ ಮೇಲೆ ಕೈ ಆಡಿಸಿದ ಹಾಗಿತ್ತು. ಆಮೇಲೆ ಹೇಳಿದ, "ಕೈಗ ಚುಚ್ಚಲತ್ತದ್ರಿ." ಪ್ರತಿ ಫ್ರೆಟ್‌ನ ತುದಿ ಮರದಿಂದ ಹೊರಗೆ ಬಂದಿತ್ತು. ಜೂನ್ ಬರುವಷ್ಟರಲ್ಲಿ ಎಂಟರಲ್ಲಿ ಐದು ವಾಪಸ್ ಬಂದವು. ಎರಡರ ಟಾಪ್ (ಮುಂದಿನ ಹಲಗೆ) ಒಳಗೆ ಕುಸಿದು ತಂತಿ ಫ್ರೆಟ್‌ಗೆ ಬಡಿಯುತ್ತಿತ್ತು. ಒಂದರ ಬ್ರಿಡ್ಜ್, ಅಂದರೆ ಟಾಪ್ ಮೇಲೆ ತಂತಿ ಹಿಡಿಯುವ ತುಂಡು, ಹಿಂದಿನಿಂದ ಎದ್ದಿತ್ತು.

ಫ್ರೆಟ್ ಬೆಳೆದಿರಲಿಲ್ಲ, ಮರ ಕುಗ್ಗಿತ್ತು. ಲೋಹ ಹಾಗೇ ಇರುತ್ತದೆ, ಮರ ಗಾಳಿಯ ತೇವ ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಅದೂ ಅಡ್ಡಗಲಕ್ಕೆ. ಗಾಳಿಯಲ್ಲಿ ತೇವ ಶೇ 65 ಇದ್ದಾಗ ಮರದೊಳಗೆ ಸುಮಾರು ಶೇ 12 ನೀರು ನಿಲ್ಲುತ್ತದೆ. ಶೇ 45 ಇದ್ದರೆ ಸುಮಾರು 8. ಶೇ 25ಕ್ಕೆ ಇಳಿದರೆ ಬರೀ 5ರ ಹತ್ತಿರ. ಗಿಟಾರ್ ಮಾಡುವವರೆಲ್ಲ 45ರಿಂದ 50ರ ನಡುವೆ ಅಂಟಿಸಿ ಅನ್ನುವುದು ಇದಕ್ಕೇ. ನಮ್ಮಲ್ಲಿ ಏಪ್ರಿಲ್-ಮೇ ಮಧ್ಯಾಹ್ನ ಬಿಸಿಲು 42 ದಾಟುತ್ತದೆ. ನನ್ನ ಕೋಣೆಯ ತೇವದ ಮೀಟರ್ ಆಗ 20ರ ಆಸುಪಾಸು ತೋರಿಸುತ್ತದೆ. 56 ಮಿಲಿಮೀಟರ್ ಅಗಲದ ಫಿಂಗರ್‌ಬೋರ್ಡ್ ಎರಡೂ ಬದಿ ಸೇರಿ ಕಾಲು ಮಿಲಿಮೀಟರ್ ಕುಗ್ಗಿದರೂ ಸಾಕು, ಬೆರಳಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಕೂಲರ್. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಕಡಿಮೆ. ರಾತ್ರಿ ಕೂಲರ್ ಹಾಕಿದ ಕೋಣೆಯಲ್ಲಿ ತೇವ 60 ದಾಟುತ್ತದೆ, ಬೆಳಗ್ಗೆ ಬಂದ್ ಮಾಡಿದರೆ ಮಧ್ಯಾಹ್ನಕ್ಕೆ ಮತ್ತೆ 20. ದಿನಾ ಹೀಗೆ ಹಿಗ್ಗಿ ಕುಗ್ಗಿದರೆ ಅಂಟಿನ ಸಂದಿಗೆ ಬೀಳುವ ಪೆಟ್ಟು ಸಣ್ಣದಲ್ಲ. ಬೇರೆ ಊರಿನ ಕಾರ್ಖಾನೆಯಲ್ಲಿ ಮಾಡಿದ ಗಿಟಾರ್‌ಗೆ ಈ ಪರೀಕ್ಷೆ ಯಾರೂ ಮಾಡಿರುವುದಿಲ್ಲ. ನಾವು ಮಾಡಬಹುದು. ಇಲ್ಲಿ ಕೂತು ಗಿಟಾರ್ ಮಾಡುವವನಿಗೆ ಇರುವ ದೊಡ್ಡ ಅನುಕೂಲವೇ ಇದು ಅಂತ ನನ್ನ ನಂಬಿಕೆ.

ಮೂರರಲ್ಲಿ ಅಗ್ಗವಾದದ್ದು ಸಮಯ

ಈಗ ಲೆಕ್ಕಕ್ಕೆ ಬರೋಣ. ಅಂಕಿ ಉದಾಹರಣೆಗೆ ಮಾತ್ರ, ನಿಮ್ಮದು ಬೇರೆ ಇರುತ್ತದೆ. ಎರಡನೆಯ ದಾರಿಯಲ್ಲಿ ಮಾಡಿದ ಗಿಟಾರ್ ಅಂಗಡಿಯಲ್ಲಿ 8,000ಕ್ಕೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅಂಗಡಿಯವರು ಕಾಲು ಭಾಗ ಇಟ್ಟುಕೊಂಡರೆ ನಿಮಗೆ 6,000. ಬಿಡಿಭಾಗ, ಸಾಗಣೆ, ಟ್ಯೂನರ್, ತಂತಿ, ಅಂಟು, ಪಾಲಿಶ್ ಎಲ್ಲ ಸೇರಿ 4,500. ಉಳಿಯುವುದು 1,500, ಅದೇ ನಿಮ್ಮ ಕೂಲಿ.

ಹತ್ತು ಮಾರಿದಿರಿ, ಎರಡನ್ನು ಬದಲಿಸಿ ಕೊಡಬೇಕಾಯಿತು. ಹೋದದ್ದು 9,000. ಹತ್ತಕ್ಕೂ ಹಂಚಿದರೆ ತಲಾ 900. ನಿಮ್ಮ ಕೂಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು.

ಅದರ ಬದಲು ಆ ಹತ್ತನ್ನು ಮಾರದೆ ಎಂಟು ತಿಂಗಳು ಇಟ್ಟುಕೊಂಡಿರಿ. ಹಾಕಿದ ದುಡ್ಡಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂದರೂ ಒಂದು ಗಿಟಾರ್‌ಗೆ 360 ರೂಪಾಯಿ. 900ರ ಎದುರಿಗೆ 360. ಅದರ ಮೇಲೆ, ವಾಪಸ್ ಬಂದ ಒಂದು ಗಿಟಾರ್ ಊರಿನಲ್ಲಿ ಮಾಡುವ ಮಾತು ಬೇರೆ ಇದೆ. ನಾಲ್ಕು ಹುಡುಗರು ಸೇರಿ ನುಡಿಸುವ ಕಡೆ ಒಬ್ಬನ ಗಿಟಾರ್ ಕೆಟ್ಟರೆ ಉಳಿದ ಮೂವರು ನಿಮ್ಮ ಹತ್ತಿರ ಬರುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ಇಲ್ಲಿ ಮಾಡಿದ ಗಿಟಾರ್ ನಮ್ಮದೊಂದು ಬೇಸಿಗೆ ದಾಟದೆ ಅಂಗಡಿಗೆ ಹೋಗಬಾರದು. ಬೆಲೆಯಲ್ಲಿ ಎಲ್ಲಾದರೂ ಉಳಿಸಿ, ಅಂದದಲ್ಲಿ ಉಳಿಸಿ, ಆದರೆ ಇದರಲ್ಲಿ ಉಳಿಸಬೇಡಿ.

ವರ್ಷದ ಕೆಲಸ ಹಂಚಿಕೊಳ್ಳುವುದು ಹೀಗೆ. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಜನವರಿವರೆಗೆ ಅಂಟಿಸುವ ಕೆಲಸ. ಆಗ ಗಾಳಿ ತಾನಾಗಿಯೇ ಹದಕ್ಕೆ ಬಂದಿರುತ್ತದೆ, ಮೀಟರ್ ನೋಡಿ ದಿನ ಆರಿಸಿಕೊಂಡರೆ ಸಾಕು. ಫೆಬ್ರವರಿ-ಮಾರ್ಚ್ ಪಾಲಿಶ್‌ಗೆ ಒಳ್ಳೆಯದು. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವ ಕೂತು ಬಿಳಿ ಮಬ್ಬು ಬರುತ್ತದೆ. ಏಪ್ರಿಲ್-ಮೇ ತಂತಿ ಬಿಗಿದು, ಪೂರ್ತಿ ಸ್ವರಕ್ಕೆ ಏರಿಸಿ ಹಾಗೇ ನೇತು ಹಾಕಿ. ಕುಗ್ಗುವುದು ಕುಗ್ಗಲಿ, ಬಿರಿಯುವುದು ನಿಮ್ಮ ಮುಂದೆಯೇ ಬಿರಿಯಲಿ. ಮೇ ಕೊನೆಗೆ, ಮರ ಅತ್ಯಂತ ಕುಗ್ಗಿದ ಹೊತ್ತಿನಲ್ಲಿ ಫ್ರೆಟ್ ತುದಿ ಉಜ್ಜಿ. ಈ ಒಂದು ಮಾತು ನೆನಪಿಡಿ. ಆಗ ಉಜ್ಜಿದ ತುದಿ ಮುಂದೆ ಹೊರಗೆ ಬರಲು ದಾರಿಯೇ ಇಲ್ಲ. ಮಳೆಗಾಲದಲ್ಲಿ ಮರ ಹಿಗ್ಗಿದರೆ ತುದಿ ಇನ್ನೂ ಒಳಗೇ ಹೋಗುತ್ತದೆ. ಜೂನ್‌ನಲ್ಲಿ ಸೆಟಪ್ ಮುಗಿಸಿದರೆ ಕಾಲೇಜು ಶುರುವಾಗುವ ಹೊತ್ತಿಗೆ ಸ್ವಲ್ಪ ಮಾಲು, ಕ್ರಿಸ್ಮಸ್‌ಗೆ ಉಳಿದದ್ದು.

ತಿಂಗಳುಗಟ್ಟಲೆ ಕಾಯುವುದು ನಮಗೆ ಹೊಸದೇನಲ್ಲ. ತೊಗರಿ ಜೂನ್-ಜುಲೈನಲ್ಲಿ ಬಿತ್ತಿದರೆ ಕೈಗೆ ಬರುವುದು ಡಿಸೆಂಬರ್-ಜನವರಿಗೆ. ಅಂದ ಹಾಗೆ, ತೊಗರಿಯ ದುಡ್ಡು ಬಂದ ತಿಂಗಳಲ್ಲೇ ಹಳ್ಳಿಯ ಕಡೆಯ ಹುಡುಗರು ಅಪ್ಪನ ಜೊತೆ ಗಿಟಾರ್ ಕೇಳಿಕೊಂಡು ಬರುತ್ತಾರೆ. ಕ್ರಿಸ್ಮಸ್ ಆದ ಮೇಲೆ ಎರಡು-ಮೂರು ಪೀಸ್ ಅವರಿಗಾಗಿ ಇಟ್ಟುಕೊಳ್ಳಿ.

ಅವಸರ ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಲಿಯೋ ಫೆಂಡರ್ 1950ರಲ್ಲಿ ಎಸ್ಕ್ವೈರ್ ಅನ್ನುವ ಎಲೆಕ್ಟ್ರಿಕ್ ಗಿಟಾರ್ ತಂದರು. ಮೊದಲ ಪೀಸ್‌ಗಳ ನೆಕ್‌ನಲ್ಲಿ ಟ್ರಸ್ ರಾಡ್, ಅಂದರೆ ಒಳಗಿನ ಉಕ್ಕಿನ ಕಡ್ಡಿ, ಇರಲಿಲ್ಲ. ನೆಕ್ ಬಾಗಿ ಬಹಳಷ್ಟು ಗಿಟಾರ್ ಬದಲಿಸಿ ಕೊಡಬೇಕಾಯಿತು. ಆಮೇಲೆ ಟ್ರಸ್ ರಾಡ್ ಸೇರಿಸಿದರು. ಅದೇ ಫೆಂಡರ್ ಇನ್ನೊಂದು ಕಡೆ ಸಮಯವನ್ನು ಬಲು ಜಾಣತನದಿಂದ ಉಳಿಸಿದರು. ನೆಕ್ ಅಂಟಿಸುವ ಬದಲು ನಾಲ್ಕು ಸ್ಕ್ರೂ ಹಾಕಿ ಕೂರಿಸಿದರು. ಮಾಡುವುದೂ ಬೇಗ, ಕೆಟ್ಟರೆ ಬಿಚ್ಚಿ ಬೇರೆ ಹಾಕುವುದೂ ಸುಲಭ. 1951ರಲ್ಲಿ ಅವರ ಗಿಟಾರ್‌ಗೆ ಇಟ್ಟಿದ್ದ ಬ್ರಾಡ್‌ಕಾಸ್ಟರ್ ಅನ್ನುವ ಹೆಸರಿಗೆ ಗ್ರೆಚ್ ಕಂಪನಿ ತಕರಾರು ತೆಗೆದಾಗ ಅವರು ಕೆಲಸ ನಿಲ್ಲಿಸಲಿಲ್ಲ. ಸ್ಟಿಕ್ಕರ್‌ನಲ್ಲಿ ಆ ಪದವನ್ನಷ್ಟೇ ಕತ್ತರಿಸಿ ಗಿಟಾರ್ ಕಳಿಸಿದರು. ಟೆಲಿಕಾಸ್ಟರ್ ಅನ್ನುವ ಹೆಸರು ಆಮೇಲೆ ಬಂತು. ಹೆಸರಿಲ್ಲದೆ ಹೋದ ಗಿಟಾರ್‌ನಿಂದ ಯಾರಿಗೂ ತೊಂದರೆ ಆಗಲಿಲ್ಲ. ಕಡ್ಡಿ ಇಲ್ಲದೆ ಹೋದದ್ದು ವಾಪಸ್ ಬಂತು. ಯಾವುದರಲ್ಲಿ ಬೇಗ ಮಾಡಬಹುದು, ಯಾವುದರಲ್ಲಿ ಮಾಡಬಾರದು ಅಂತ ಕೇಳುವವರಿಗೆ ನಾನು ಈ ಎರಡನ್ನೂ ಹೇಳುತ್ತೇನೆ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹಗುರ ಅಳತೆಯ, 12ರಿಂದ 53ರ (ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಆರು ತಂತಿ ಪೂರ್ತಿ ಸ್ವರಕ್ಕೆ ಏರಿಸಿದರೆ ಒಟ್ಟು ಎಳೆತ 70 ಕೆಜಿ ದಾಟುತ್ತದೆ. ಒಂದು ಸಿಮೆಂಟ್ ಚೀಲ 50 ಕೆಜಿ. ಹತ್ತಿರ ಹತ್ತಿರ ಒಂದೂವರೆ ಚೀಲದ ಭಾರ ಹಗಲು-ರಾತ್ರಿ ನೆಕ್ ಎಳೆಯುತ್ತಿರುತ್ತದೆ. ಹಾಗಾಗಿ ಎರಡೂ ಕಡೆಗೆ ತಿರುಗುವ ಟ್ರಸ್ ರಾಡ್‌ಗೆ ದುಡ್ಡು ಕೊಡಿ. ಎಲುಬಿನ ನಟ್ ಹಾಕಿ. ಪ್ಲಾಸ್ಟಿಕ್‌ಗೂ ಅದಕ್ಕೂ ಬೆಲೆಯ ಅಂತರ ಸ್ವಲ್ಪವೇ, ದನಿಯ ಅಂತರ ಕಿವಿಗೆ ಬೀಳುತ್ತದೆ. ಫ್ರೆಟ್ ಸಮ ಮಾಡುವ ಗಂಟೆಗಳನ್ನು ಕಡಿಮೆ ಮಾಡಬೇಡಿ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ 2.4, ಸಣ್ಣ ತಂತಿ 1.8 ಮಿಲಿಮೀಟರ್ ಎತ್ತರಕ್ಕೆ ಬಂದರೆ ಕಲಿಯುವ ಹುಡುಗನ ಬೆರಳು ನೋಯುವುದಿಲ್ಲ. ಅಗ್ಗದ ಗಿಟಾರ್‌ಗಳಲ್ಲಿ ಇದು 4 ಮಿಲಿಮೀಟರ್ ಇರುವುದನ್ನು ನಾನೇ ಅಳೆದಿದ್ದೇನೆ. ಎಷ್ಟೋ ಮಕ್ಕಳು ಗಿಟಾರ್ ಬಿಟ್ಟದ್ದು ತಮಗೆ ಬರಲ್ಲ ಅಂತಲ್ಲ, ತಂತಿ ಅಷ್ಟು ಎತ್ತರ ಇತ್ತು ಅಂತ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

ಉಳಿಸುವುದು ಹೊಳಪಿನಲ್ಲಿ, ಬಣ್ಣದಲ್ಲಿ, ಅಂಚಿನ ಪಟ್ಟಿಯಲ್ಲಿ, ಚಿಪ್ಪಿನ ಕುಸುರಿಯಲ್ಲಿ. ಮಾಡೆಲ್ ಸಂಖ್ಯೆಯಲ್ಲೂ ಉಳಿಸಿ. ಒಂದೇ ಆಕಾರ, ಒಂದೇ ಅಳತೆ ಇದ್ದರೆ ಅಚ್ಚು ಒಂದೇ ಸಾಕು, ಕೈಯೂ ಬೇಗ ಪಳಗುತ್ತದೆ. ಪಾಲಿಶ್ ವಿಷಯದಲ್ಲಿ ನೈಟ್ರೋ ಲ್ಯಾಕರ್ ಚಂದ, ಆದರೆ ಗಟ್ಟಿಯಾಗಲು ಮೂರು-ನಾಲ್ಕು ವಾರ ಬೇಕು. ಪಿಯು (ಪಾಲಿಯುರೆಥೇನ್) ಒಂದೆರಡು ದಿನದಲ್ಲಿ ಮುಗಿಯುತ್ತದೆ, ಫರ್ನಿಚರ್ ಪಾಲಿಶ್ ಮಾಡುವವರಿಗೆಲ್ಲ ಗೊತ್ತು. ಮಂದವಾಗಿ ಹೊಡೆದರೆ ದನಿ ಸತ್ತಂತಾಗುತ್ತದೆ, ತೆಳ್ಳಗೆ ಹೊಡೆಯಿರಿ. ಮೊದಲ ಬ್ಯಾಚ್‌ಗೆ ಪಿಯುನೇ ಸರಿ.

ಟಾಪ್ ಪ್ಲೈ ಇರಬೇಕೋ, ಇಡಿಯ ಹಲಗೆ ಇರಬೇಕೋ? ಇಡಿಯ ಸ್ಪ್ರೂಸ್ ಹಲಗೆಯ ದನಿ ಮೇಲು, ಅದರಲ್ಲಿ ಎರಡು ಮಾತಿಲ್ಲ. ವರ್ಷಗಳು ಕಳೆದಂತೆ ದನಿ ಇನ್ನೂ ತೆರೆದುಕೊಳ್ಳುತ್ತದೆ ಅನ್ನುತ್ತಾರೆ. ಆದರೆ ಪ್ಲೈನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಕುಗ್ಗುವುದು ಕಡಿಮೆ, ಬಿರಿಯುವುದು ಇನ್ನೂ ಕಡಿಮೆ. ಹತ್ತು ಸಾವಿರದ ಒಳಗಿನ ಗಿಟಾರ್, ಕೂಲರ್ ಎದುರಿಗೆ ಗೋಡೆಗೆ ತೂಗುವ ಗಿಟಾರ್‌ಗೆ ನಾನು ಪ್ಲೈ ಅನ್ನುತ್ತೇನೆ. ಇಡಿಯ ಹಲಗೆಯದನ್ನು ಆರ್ಡರ್ ಕೊಟ್ಟವರಿಗೆ ಮಾತ್ರ ಮಾಡಿ. ಹೇಗೆ ಇಟ್ಟುಕೊಳ್ಳಬೇಕು ಅಂತ ಕೂರಿಸಿ ಹೇಳಿ ಕೊಡಿ.

ಮರದ ಬಗ್ಗೆ ಇನ್ನೊಂದಿಷ್ಟು. ನೆಕ್‌ಗೆ ಎಲ್ಲರೂ ಮಹಾಗನಿ ಹುಡುಕುತ್ತಾರೆ. ನಮ್ಮ ಬೇವು ಕೂಡ ಮಹಾಗನಿಯ ಕುಟುಂಬದ್ದೇ, ಆದರೆ ನೇರ ಎಳೆಯ ಹಲಗೆ ಸಿಗುವುದು ಕಷ್ಟ, ನಾನು ನೆಕ್‌ಗೆ ಬಳಸುವುದಿಲ್ಲ. ನನಗೆ ಇಷ್ಟವಾದದ್ದು ಹಳೆಯ ಸಾಗವಾನಿ. ಹಳೆಯ ವಾಡೆ ಕೆಡವಿದಾಗ ತೊಲೆ, ಬಾಗಿಲು ಚೌಕಟ್ಟು ಮಾರಾಟಕ್ಕೆ ಬರುತ್ತವೆ. ಎಷ್ಟೋ ಬೇಸಿಗೆ ಕಂಡ ಮರ ಅದು. ಮೇಲಿನ ಕರಿ ಪದರ ಉಜ್ಜಿದರೆ ಒಳಗೆ ಜೇನಿನ ಬಣ್ಣ, ಎಳೆ ನೇರ. ಮೊಳೆ ಒಳಗೆ ಮುರಿದು ಉಳಿದಿರುತ್ತದೆ, ಆಯಸ್ಕಾಂತ ಹಿಡಿದು ನೋಡದೆ ಗರಗಸ ಇಡಬೇಡಿ. ಸಾಗವಾನಿಯಲ್ಲಿ ಎಣ್ಣೆ ಇರುತ್ತದೆ, ಅಂಟಿಸುವ ಮುಂಚೆ ಆ ಜಾಗವನ್ನು ಅಸಿಟೋನ್‌ನಲ್ಲಿ ಒರೆಸಿ. ತೂಕ ಸ್ವಲ್ಪ ಜಾಸ್ತಿ, ಅಷ್ಟೇ.

ಫಿಂಗರ್‌ಬೋರ್ಡ್‌ಗೆ ಬೀಟೆ ಒಳ್ಳೆಯದು. ದೇಶದೇಶದ ಕಂಪನಿಗಳು ನಮ್ಮ ಬೀಟೆಯನ್ನೇ ಬಳಸುತ್ತವೆ. ಆದರೆ ರಸೀದಿ, ಅರಣ್ಯ ಇಲಾಖೆಯ ಕಾಗದ ಇಲ್ಲದ ಬೀಟೆ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡಿ. 2017ರ ಜನವರಿ 2ರಿಂದ ಬೀಟೆಯ ಜಾತಿಯ ಎಲ್ಲ ಮರಗಳೂ ಸೈಟಿಸ್ ಅನ್ನುವ, ಅಪರೂಪದ ಗಿಡ-ಪ್ರಾಣಿಗಳ ವ್ಯಾಪಾರದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಬಂದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಕಚ್ಚಾ ಮರಕ್ಕೆ ಸಿಗಲಿಲ್ಲ.

ಬೀದರ್‌ನವರು ಒಬ್ಬರು ಗಿಟಾರ್‌ನ ತಲೆಯ ಮೇಲೆ ಬಿದ್ರಿ ಕುಸುರಿ ಹಾಕಿ ಕೊಡಿ ಅಂತ ಕೇಳಿದ್ದರು. ಕಪ್ಪು ಮೇಲೆ ಬೆಳ್ಳಿಯ ಹೂಬಳ್ಳಿ, ಕಣ್ಣು ತುಂಬುವ ಕೆಲಸ. ಆದರೆ ಬಿದ್ರಿಯ ಮೂಲ ಲೋಹ ಸತುವು, ತೂಕ ಇದೆ. ದಪ್ಪ ತಗಡು ಹಾಕಿದರೆ ಗಿಟಾರ್ ತಲೆ ಕೆಳಗೆ ಬಾಗುತ್ತದೆ. ರೂಪಾಯಿ ನಾಣ್ಯದಷ್ಟು ಅಗಲ, ತೆಳ್ಳಗೆ, ಆರ್ಡರ್ ಪೀಸ್‌ಗೆ ಮಾತ್ರ. ಕುಸುರಿಗಾರರಿಗೆ ಅವರ ಕೂಲಿ ಪೂರ್ತಿ ಕೊಡಿ, ಚೌಕಾಸಿ ಮಾಡಬೇಡಿ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ 30-40 ಸಾವಿರ ಇದ್ದು, ಈ ವರ್ಷವೇ ಮನೆಗೆ ದುಡ್ಡು ಬರಬೇಕು ಅನ್ನುವವರಿಗೆ ಮೊದಲ ದಾರಿ. ಅದರಲ್ಲಿ ಕೀಳು ಏನೂ ಇಲ್ಲ. ಗಿಟಾರ್ ಎಲ್ಲಿಯದು ಅಂತ ಮುಚ್ಚಿಡದೆ ಹೇಳಿ, ಸೆಟಪ್ ನಿಮ್ಮದು ಅಂತ ಹೇಳಿ. ಸರಿಯಾಗಿ ಸೆಟಪ್ ಆದ 5,000ದ ಗಿಟಾರ್ ಹಾಗೇ ಪೆಟ್ಟಿಗೆಯಿಂದ ಬಂದ 9,000ದ್ದಕ್ಕಿಂತ ಕೈಗೆ ಹಿತವಾಗಿರುತ್ತದೆ. ಬಡಗಿ ಕೆಲಸ ಬರುವವರಿಗೆ, ಒಂದು ವರ್ಷ ದುಡ್ಡು ಕೂರಿಸಬಲ್ಲವರಿಗೆ ಎರಡನೆಯದು. ಮೂರನೆಯದನ್ನು ವರ್ಷಕ್ಕೆ ಎರಡು-ಮೂರು ಆರ್ಡರ್‌ಗೆ ಇಟ್ಟುಕೊಳ್ಳಿ, ಅಡ್ವಾನ್ಸ್ ತಗೊಂಡೇ ಮರ ಮುಟ್ಟಿ.

ಯಾದಗಿರಿಯ ತಮ್ಮನಿಗೆ ನಾನು ಹೇಳುವುದು ಇಷ್ಟು. ಈಗ ಸೆಪ್ಟೆಂಬರ್ ಮುಗಿಯುತ್ತಾ ಬಂತು, ಗಾಳಿ ಇನ್ನೂ ಹಸಿಯಾಗಿದೆ. ಈಗ ಏನನ್ನೂ ಅಂಟಿಸಬೇಡ. ಕ್ರಿಸ್ಮಸ್‌ಗೆ ಹತ್ತರ ಬದಲು ಆರು ತಯಾರಾದ ಗಿಟಾರ್ ತರಿಸು, ಒಂದೊಂದಕ್ಕೂ ಮೂರು ಗಂಟೆ ಕೊಡು. ಜೊತೆಗೆ ಆರು ಸೆಟ್ ಬಿಡಿಭಾಗ ತರಿಸಿ ಕೋಣೆಯ ಒಳಗಿಡು. ಹಲಗೆಗಳ ನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿ ಆಡಲು ಬಿಡು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದು ನೆಕ್ ತೂಗಿ, ತೂಕ ಮತ್ತು ತಾರೀಖು ಅದರ ಹಿಮ್ಮಡಿಯ (ಗಿಟಾರ್ ಒಡಲಿಗೆ ಕೂರುವ ತುದಿ) ಮೇಲೆ ಸೀಸದಕಡ್ಡಿಯಲ್ಲಿ ಬರೆ. ಪ್ರತಿ ಭಾನುವಾರ ತೂಗು. ಮೊದಲು ಗ್ರಾಂ ಗ್ರಾಂ ಇಳಿಯುತ್ತಾ ಹೋಗುತ್ತದೆ. ಮೂರು ವಾರ ಒಂದೇ ತೂಕ ನಿಂತಾಗ ಫೋನ್ ಮಾಡು. ಆ ದಿನ ನಾನೇ ಯಾದಗಿರಿಗೆ ಬರುತ್ತೇನೆ, ಮೊದಲನೆಯದನ್ನು ಇಬ್ಬರೂ ಸೇರಿ ಅಂಟಿಸೋಣ.